ಸಿದ್ದವ್ವ ಕುಡಿದ ಮೂರು ಲೀಟರ್ ನೀರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತ ಹುನಗುಂದದ ನನ್ನ ಮನೆಯಲ್ಲಿ ಮೂರು ಕಪ್ ಚಹಾ ಮುಗಿಸಿದ್ದೇನೆ. ಕೊನೆಗೆ ನಾಚಿಕೆ ಬಿಟ್ಟು ಎಐಯನ್ನೇ ಕೇಳಿದೆ: ನರ್ಸಿಂಗ್ ಓದುವ ಹುಡುಗಿಯ ಮೇಲೊಂದು ಕಥೆ ಬರೆದುಕೊಡು. ಹನ್ನೊಂದು ಸೆಕೆಂಡಿನಲ್ಲಿ ಬಂತು. ನಾಯಕಿಯ ಕಣ್ಣಲ್ಲಿ ಕನಸಿತ್ತು, ಕೊನೆಯಲ್ಲಿ ರೋಗಿ ಗುಣವಾಗಿ ಕೈಮುಗಿದಿದ್ದಳು. ಓದಿ ಮುಜುಗರವಾಯಿತು. ನಾನೇ ಬರೆದಿದ್ದರೂ ಹೆಚ್ಚುಕಡಿಮೆ ಇದೇ ಬರುತ್ತಿತ್ತು. ಅಳಿಸಿದೆ. (ಕೈಮುಗಿದ ಸಾಲನ್ನು ಮಾತ್ರ ಪಕ್ಕಕ್ಕಿಟ್ಟುಕೊಂಡಿದ್ದೇನೆ. ಬೇಕಾದೀತು.)

೨

ಹೀಗೆ ಶುರು ಮಾಡೋಣ. ಬಸವೇಶ್ವರಿ, ಬಾದಾಮಿ ಕಡೆಯವಳು, ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ. ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ (ಹೆಸರು ಹೇಳುವುದಿಲ್ಲ, ನಾಳೆ ನಾನೇ ಅಡ್ಮಿಟ್ ಆಗಬೇಕಾದೀತು) ಅವಳ ಪಾಲಿಗೆ ಬಂದ ರೋಗಿ ಸಿದ್ದವ್ವ. ಇಳಕಲ್ಲಿನಲ್ಲಿ ಸೀರೆ ನೇಯುವವಳು, ಕಿಡ್ನಿ ಸ್ಟೋನ್ ಆಪರೇಷನ್ ಆಗಿ ಎರಡು ದಿನ.

ಸಿದ್ದವ್ವನ ಕೇರ್ ಪ್ಲಾನ್ ಬರೆದು ಕಾಲೇಜಿನಲ್ಲಿ ಕಲಿಸುವ ಶುಭದಾ ಮೇಡಂ ಅವರ ಸಹಿ ಪಡೆಯಬೇಕು. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ. ಕೇರ್ ಪ್ಲಾನಿನಲ್ಲಿ ಕಾಲಂಗಳಿರುತ್ತವೆ: ರೋಗಿಗೆ ಏನು ತೊಂದರೆ, ಗುರಿ ಏನು (ಸಿದ್ದವ್ವನಿಗೆ ದಿನಕ್ಕೆ ಮೂರು ಲೀಟರ್ ನೀರು), ಏನು ಮಾಡಬೇಕು, ಏನು ಮಾಡಿದೆ. ಕೊನೆಯದು ಎವ್ಯಾಲ್ಯುಯೇಶನ್, ಮಾಡಿದ್ದರಿಂದ ಏನಾಯಿತು ಎಂಬುದು. ಅದನ್ನು ಮರುದಿನ ರೋಗಿಯನ್ನು ನೋಡಿ ತುಂಬಬೇಕು. ಆದರೆ ಸೀನಿಯರ್‌ಗಳ ಕಾಲದಿಂದಲೂ ಅದನ್ನು ಹಿಂದಿನ ದಿನವೇ ತುಂಬಿಬಿಡುವ ಸಂಪ್ರದಾಯ. ಮೊದಲು ಸೀನಿಯರ್‌ಗಳ ರೆಕಾರ್ಡ್ ನೋಡಿ ಇಳಿಸುತ್ತಿದ್ದರು. ಈಗ ಎಐ ಬರೆದುಕೊಡುತ್ತದೆ. ಬಸವೇಶ್ವರಿಯೂ ಬರೆಸಿಕೊಂಡಳು.

೨, ಮತ್ತೊಮ್ಮೆ

ಇಷ್ಟನ್ನು ಓದಿ ಬಸವೇಶ್ವರಿ ತಕರಾರು ತೆಗೆದಿದ್ದಾಳೆ.

“ಸರ, ನನ್ನ ಆಳ್ಸಿ ಅಂತ ತಿಳೀತಾರ್ರಿ ಓದಿದವ್ರು.”

ಅವಳ ವಾದ ಹೀಗೆ. ಇಂಗ್ಲಿಷ್ ಪುಸ್ತಕದಲ್ಲಿ ಹೃದಯದ ಪಾಠ ನಾಲ್ಕು ಸಲ ಓದಿದರೂ ತಲೆಗೆ ಹೋಗಿರಲಿಲ್ಲ. ಎಐ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆ ಹೋಯಿತು. ದಿನಾ ಬೆಳಿಗ್ಗೆ ಅದರಿಂದ ಇಪ್ಪತ್ತು ಪ್ರಶ್ನೆ ಕೇಳಿಸಿಕೊಂಡು, ತಪ್ಪಿದ್ದನ್ನು ಕೈಯಾರೆ ಬರೆಯುತ್ತಾಳೆ. ಉತ್ತರವನ್ನು ಪುಸ್ತಕದ ಜೊತೆ ತಾಳೆ ನೋಡುತ್ತಾಳೆ. ಆ ಒಂದು ಕಾಲಂ ಮಾತ್ರ ಎಲ್ಲರೂ ಮಾಡುತ್ತಾರೆಂದು ಮಾಡಿದ್ದು. ಒಪ್ಪಿದೆ. ನನಗಿಂತ ಅವಳ ಅಭ್ಯಾಸ ವಾಸಿ.

೪

(ಮೂರನ್ನು ಹರಿದೆ. ಅದರಲ್ಲಿ ತಂತ್ರಜ್ಞಾನದ ಬಗ್ಗೆ ಭಾಷಣ ಬಿಗಿದಿದ್ದೆ.)

ಶುಭದಾ ಮೇಡಂಗೆ ಒಂದು ರೂಢಿಯಿದೆ. ಸಹಿ ಹಾಕುವ ಮೊದಲು ರೆಕಾರ್ಡನ್ನು ರೋಗಿಯ ಎದುರಿಗೇ ಓದಿಸುತ್ತಾರೆ, ಅದೂ ಕನ್ನಡದಲ್ಲಿ. ಬಸವೇಶ್ವರಿ ಸಿದ್ದವ್ವನ ಕಾಟಿನ ಪಕ್ಕ ನಿಂತು ಓದಿದಳು. ರೋಗಿ ಮೂರು ಲೀಟರ್ ನೀರು ಕುಡಿದಿದ್ದಾರೆ. ಮೂತ್ರ ಸರಾಗವಾಗಿದೆ. ಗುರಿ ಮುಟ್ಟಿದೆ.

ಸಿದ್ದವ್ವ ಪಕ್ಕದ ಓಣಿಯವರ ಸುದ್ದಿ ಕೇಳುವ ಹಾಗೆ ಕಿವಿಗೊಟ್ಟು ಕೇಳಿದಳು. ಆಮೇಲೆ ಅಂದಳು:

“ಮೂರು ಲೀಟರ್ ಕುಡಿದಾಳ? ಪುಣ್ಯವಂತಿ ಬಿಡವಾ. ಆಕಿ ಕಾಟು ಸಂಡಾಸದ ಮಗ್ಗಲಕ ಇರಬೇಕು.”

ಬಸವೇಶ್ವರಿ ರೆಕಾರ್ಡಿನಿಂದ ತಲೆಯೆತ್ತಿ ನೋಡಿದಳು. ಸಿದ್ದವ್ವನ ಕಾಟು ವಾರ್ಡಿನ ಈ ತುದಿಗೆ, ಸಂಡಾಸ ಆ ತುದಿಗೆ. ಹೊಲಿಗೆ ಎಳೆಯುತ್ತದೆ, ನಡೆಯಲು ಯಾರಾದರೂ ತೋಳು ಹಿಡಿಯಬೇಕು. ಪದೇ ಪದೇ ಯಾರನ್ನು ಕರೆಯುವುದೆಂದು ಅವಳು ತುಟಿ ಒದ್ದೆ ಮಾಡಿಕೊಂಡು ಸುಮ್ಮನಿದ್ದಳು. ನಿನ್ನೆ ತುಂಬಿಟ್ಟ ಬಾಟಲಿ ಇವತ್ತೂ ಹಾಗೇ ತುಂಬಿತ್ತು. ಬಸವೇಶ್ವರಿ ಎರಡು ದಿನ ಆರಾಮ ಅದೀರೇನ್ರಿ ಎಂದು ಕೇಳಿದ್ದಳು, ಸಿದ್ದವ್ವ ಆರಾಮ ಅಂದಿದ್ದಳು. ನೀರಿನ ಮಾತು ಯಾರೂ ಎತ್ತಿರಲಿಲ್ಲ.

(ಇಲ್ಲಿ ಮೇಡಂ ಎಲ್ಲರೆದುರು ಬಯ್ಯಬೇಕೆಂದು ನನ್ನ ಪ್ಲಾನ್. ಅವರು ಒಪ್ಪಲಿಲ್ಲ.) ಕೊನೆಯ ಕಾಲಂಗೆ ಕೆಂಪು ಗೆರೆ ಎಳೆದು ಇಷ್ಟೇ ಹೇಳಿದರು:

“ನಾಳೆ ನೋಡಿ ಬರಿ. ಗುರಿ ಮುಟ್ಟಿಲ್ಲಂದ್ರ ಮುಟ್ಟಿಲ್ಲಂತ ಬರಿ. ಖರೆ ಇದ್ರ ಸಹಿ ಮಾಡ್ತೇನಿ.”

ಮೇಡಂ ಬಯ್ಯದ್ದಕ್ಕೆ ನನಗೆ ಖುಷಿಯಾಯಿತು, ಮುಚ್ಚಿಡುವುದಿಲ್ಲ.

೫

ಸಂಡಾಸದ ಪಕ್ಕದ ಕಾಟು ಖಾಲಿಯಾಗಿತ್ತು. ಕಥೆ ಇಲ್ಲಿಗೆ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಸಿದ್ದವ್ವ, ವಾಸನೆ ಬರುತ್ತದೆ, ಒಲ್ಲೆ ಎಂದಳು. (ಪಾತ್ರಗಳನ್ನು ಸಂಭಾಳಿಸುವ ಕಷ್ಟ ನನಗೇ ಗೊತ್ತು.)

ಬಸವೇಶ್ವರಿ ಹೇಳಿದಳು, ಎರಡು ತಾಸಿಗೊಮ್ಮೆ ತಾನೇ ಬಂದು ನಡೆಸಿಕೊಂಡು ಹೋಗುತ್ತೇನೆ ಎಂದು. ನಿನಗ್ಯಾಕೆ ತ್ರಾಸ ಎಂದಳು ಸಿದ್ದವ್ವ. ಕಡೆಗೆ ಬಸವೇಶ್ವರಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡಳು: ಓದಿದ್ದು ನಿಮ್ಮದೇ ಸುದ್ದಿ, ಕೇಳದೆ ಬರೆದದ್ದು ನನ್ನ ತಪ್ಪು, ಈಗ ನನ್ನ ಪರೀಕ್ಷೆ ನಿಮ್ಮ ಕೈಯಲ್ಲಿದೆ.

ಸಿದ್ದವ್ವ ನಕ್ಕಳು. “ನಿನ್ನ ಪರೀಕ್ಷಿ ಸಲುವಾಗಿ ಕುಡೀತೇನಿ, ತಾ ಇತ್ತ.”

ನಾಲ್ಕಕ್ಕೆ ಡ್ಯೂಟಿ ಮುಗಿಯುವವರೆಗೆ ಇಬ್ಬರೂ ಮೂರು ಸಲ ವಾರ್ಡ್ ದಾಟಿದರು. ಹೋಗುವಾಗ ಬಸವೇಶ್ವರಿ ಕಿಟಕಿಯಲ್ಲಿ ಎರಡು ಬಾಟಲಿ ತುಂಬಿಟ್ಟು, ರಾತ್ರಿ ಜೊತೆಗಿರಲು ಆಗಷ್ಟೇ ಊರಿಂದ ಬಂದ ಸಿದ್ದವ್ವನ ಸೊಸೆ ಸುನಂದಾಗೆ ತೋಳು ಹಿಡಿಯುವ ಬಗೆ ತೋರಿಸಿ ಹೋದಳು.

೬. ಅಂತ್ಯಗಳು

ಅ) ಬೆಳಿಗ್ಗೆ ಬಾಟಲಿ ಖಾಲಿ. ಸಹಿ ಬಿತ್ತು. ಸಿದ್ದವ್ವ ಕೈಮುಗಿದಳು. (ಹೇಳಿದ್ದೆನಲ್ಲ, ಬೇಕಾದೀತೆಂದು.)

ಆ) ಬೆಳಿಗ್ಗೆ ಬಾಟಲಿ ಖಾಲಿ. ಆದರೆ ಹುಡುಗಿ ಪಾಸಾಗಲಿ ಎಂದು ಸಿದ್ದವ್ವ ನೀರನ್ನು ಕಿಟಕಿಯಾಚೆ ಸುರಿದಿದ್ದಾಳೆ. ಇದು ಹೊಳೆದಾಗ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಇ) ಎಐ ಕೊಟ್ಟ ನಾಲ್ಕು ಅಂತ್ಯಗಳು. ನಾಲ್ಕರಲ್ಲೂ ಗುರಿ ಮುಟ್ಟಿದೆ.

ಬಸವೇಶ್ವರಿಗೆ ತೋರಿಸಿದೆ. ಸಿದ್ದವ್ವ ಆಯಿ ಹಾಗೆ ನೀರು ಚೆಲ್ಲುವವಳಲ್ಲ ಎಂದಳು. ಮತ್ತೆ ತಾನೇ, ಚೆಲ್ಲಿದರೂ ಚೆಲ್ಲಿಯಾಳು, ಕೇಳಬೇಕು ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಸರ, ನೀವು ಹೋಗಿ ಆಯಿನ್ನ ನೋಡಿ ಬಂದೀರೇನ್ರಿ?”

ಇಲ್ಲ ಅಂದೆ.

“ಮತ್ತ ಹೆಂಗ ತುಂಬಿದ್ರಿ?”

ಅ, ಆ, ಇ ಮೂರಕ್ಕೂ ಕೆಂಪು ಗೆರೆ ಎಳೆದಿದ್ದೇನೆ. ಕೈಮುಗಿದ ಸಾಲಿಗೂ. ಬೆಳಿಗ್ಗೆ ಎಂಟಕ್ಕೆ ಅವಳ ಡ್ಯೂಟಿ, ಹುನಗುಂದದಿಂದ ನನಗೆ ಆರೂವರೆಗೆ ಬಸ್ಸಿದೆಯಂತೆ. ಬಾಟಲಿ ತುಂಬಿದ್ದರೆ ಯಾಕೆಂದು ಕೇಳಬೇಕು, ಖಾಲಿಯಿದ್ದರೂ ಕೇಳಬೇಕು. ಸದ್ಯಕ್ಕೆ ಅವಳ ರೆಕಾರ್ಡಿನಲ್ಲೂ ನನ್ನ ಕಥೆಯಲ್ಲೂ ಇರುವುದು ಇಷ್ಟೇ.

ಎವ್ಯಾಲ್ಯುಯೇಶನ್: