ಜೋಡಿ ಮೈಕು

ಸದ್ದು ಸಾಯಲಿಲ್ಲ.

ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಇನ್ನೊಮ್ಮೆ ಕೇಳಿದಳು. ಮೇಜಿನ ಮೇಲೆ ಎರಡು ತೆಳ್ಳನೆಯ ಮೈಕುಗಳು ಒಂದಕ್ಕೊಂದು ತಾಗಿಕೊಂಡು ಮಲಗಿದ್ದವು. ಒಂದು ಮೊಳ ದೂರದಲ್ಲಿ ಹಳೆಯ ರೇಡಿಯೋ, ಯಾವ ಸ್ಟೇಷನ್ನಿಗೂ ಸೇರದ ಜಾಗದಲ್ಲಿ ಮುಳ್ಳು ನಿಲ್ಲಿಸಿಕೊಂಡು, ಚರ್ರೆನ್ನುತ್ತಿತ್ತು. ಒಂದು ಮೈಕಿನ ಸದ್ದನ್ನು ತಲೆಕೆಳಗು ಮಾಡುವ ಗುಂಡಿ ಒತ್ತಿದರೆ ಎರಡೂ ಸದ್ದು ಒಂದನ್ನೊಂದು ನುಂಗಿಹಾಕಿ ಏನೂ ಉಳಿಯಬಾರದು. ಇಷ್ಟು ವರ್ಷ ಉಳಿದಿರಲಿಲ್ಲ. ಇವತ್ತು ಮಾತ್ರ, ನೆಗಡಿ ಹಿಡಿದವರು ಪಕ್ಕದ ಮನೆಯಲ್ಲಿ ಗೊಣಗಿದಂತೆ ಏನೋ ಒಂದು ಹಾಗೇ ಉಳಿದುಕೊಂಡಿತ್ತು.

"ಸತ್ತಿಲ್ವಾ?" ಎಂದ ಅಣ್ಣ, ಬಾಗಿಲ ಪಕ್ಕದ ಸ್ಟೂಲಿನ ಮೇಲಿಂದ.

"ಇಲ್ಲ. ಏನೋ ಉಳ್ಕೊಂಡಿದೆ."

"ಕೇಬಲ್ ನೋಡು."

ಕೇಬಲ್ ಬದಲಾಯಿಸಿದಳು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದಳು. ರೇಡಿಯೋವನ್ನು ಒಂದು ಗೇಣು ಹಿಂದೆ ಸರಿಸಿದಳು. ಗೊಣಗಾಟ ಜಗ್ಗಲಿಲ್ಲ.

ಈ ಪರೀಕ್ಷೆ ಮೇಷ್ಟ್ರು ಹಾಕಿಕೊಟ್ಟದ್ದು. ಅವಳೂ ಅಣ್ಣನೂ ರೆಕಾರ್ಡಿಂಗ್ ಕೆಲಸ ಕಲಿತದ್ದು ಅವರ ಕೈಕೆಳಗೆ. ಒಂದೇ ದಿನ, ಒಂದೇ ಕಡೆ ಹುಟ್ಟಿ, ಒಂದೇ ಥರ ಕೇಳಿಸಿಕೊಳ್ಳುವ ಮೈಕುಗಳನ್ನು ಮಾತ್ರ ಜೋಡಿ ಅನ್ನಬೇಕು, ಮಿಕ್ಕಿದ್ದೆಲ್ಲ ಬಾಡಿಗೆ ಮನೆಯ ನೆಂಟಸ್ತಿಕೆ ಎಂಬುದು ಅವರ ಮಾತು. ಕೆಲಸ ಬಿಡುವ ದಿನ ಅವರು ಜೋಡಿಯನ್ನು ಒಡೆದು ಇಬ್ಬರಿಗೂ ಒಂದೊಂದು ಕೊಟ್ಟರು. "ಗಿಟಾರ್ ಬಂದಾಗ ಇಬ್ರೂ ಸೇರ್ಲೇಬೇಕು, ಜಗಳ ಆಡಿದ್ರೂ" ಎಂದರು. ಅಂದಿನಿಂದ ಒಂದು ಅವಳ ಬೀರುವಿನಲ್ಲಿ, ಒಂದು ಅವನ ಮನೆಯಲ್ಲಿ. ಹಾಗೆ ನೋಡಿದರೆ ಅವನು ಒಡಹುಟ್ಟಿದವನಲ್ಲ. ಆದರೆ ಹೊಸದರಲ್ಲಿ ಅವಳು ಒಂದು ದಿನದ ರೆಕಾರ್ಡಿಂಗನ್ನೇ ಅಳಿಸಿಹಾಕಿದಾಗ "ನಾನೇ ಅಳಿಸಿದ್ದು ಮೇಷ್ಟ್ರೇ" ಎಂದು ಬೈಸಿಕೊಂಡವನು ಅವನು. ಅವತ್ತು ಬಾಯಿಗೆ ಬಂದ ಅಣ್ಣ ಎನ್ನುವ ಮಾತು ಇಪ್ಪತ್ತು ವರ್ಷ ಬಾಯಲ್ಲೇ ಉಳಿಯಿತು.

ಸ್ಟುಡಿಯೋ ಕೋಣೆಯ ನಡುವೆ ಜಮಖಾನದ ಮೇಲೆ ಕುರ್ಚಿ ಹಾಕಿಕೊಂಡು ಅವಳ ಸೋದರಮಾವ ಕೂತಿದ್ದ. ತೊಡೆಯ ಮೇಲೆ ಗಿಟಾರು, ಎಡಗೈ ಬೆಚ್ಚಗಿರಲಿ ಎಂದು ಬಲಗಂಕುಳಲ್ಲಿ. ಮೂವತ್ತೆರಡು ವರ್ಷ ಬಸ್ಸು ಓಡಿಸಿದ ಕೈ ಅದು. ಡಿಪೋದಲ್ಲಿ ಒಂದು ಟ್ರಿಪ್ಪಿಗೂ ಇನ್ನೊಂದು ಟ್ರಿಪ್ಪಿಗೂ ನಡುವೆ ಸೀಟಿನ ಮೇಲೆ ಕಾಲು ಮಡಚಿ ಕೂತು ಅವನು ಕಟ್ಟಿದ ಒಂದು ರಾಗವಿತ್ತು. ಅದಕ್ಕೆ ಹೆಸರಿಲ್ಲ, ಅದನ್ನು ಯಾರೂ ರೆಕಾರ್ಡು ಮಾಡಿಲ್ಲ. ಈಗ ಎಡಗೈಯ ಕೊನೆಯ ಎರಡು ಬೆರಳು ಜೋಮು ಹಿಡಿದಿವೆ. ನಾಳೆ ಆಪರೇಷನ್. "ನೋವು ಹೋಗುತ್ತೆ, ನುಡಿಸೋದರ ಬಗ್ಗೆ ಮಾತ್ರ ನಾನು ಮಾತು ಕೊಡಲಾರೆ" ಎಂದಿದ್ದರು ಡಾಕ್ಟರು. ಬೆಳಗಿನ ಹೊತ್ತು ಕೈಯನ್ನು ಬಿಸಿನೀರಲ್ಲಿ ಅದ್ದಿಟ್ಟರೆ ಬೆರಳು ಅರ್ಧ ಗಂಟೆ ಮಾತು ಕೇಳುತ್ತವೆ, ಆಮೇಲೆ ಮೊಂಡು ಹಿಡಿಯುತ್ತವೆ. ಇವತ್ತು ಆಗಲಿಲ್ಲವೆಂದರೆ ಆ ರಾಗ ಅವನ ತಲೆಯೊಳಗೇ ಉಳಿಯುತ್ತದೆ.

"ಎರಡು ಮೈಕು ಯಾಕೆ ಪುಟ್ಟಿ? ನನ್ನ ಹತ್ರ ಇರೋದು ಒಂದೇ ಗಿಟಾರು" ಎಂದು ಮಾವ ಬೆಳಿಗ್ಗೆ ಬರುತ್ತಲೇ ಕೇಳಿದ್ದ.

"ಕೇಳೋರಿಗೆ ಎರಡು ಕಿವಿ ಇದಾವಲ್ಲ ಮಾವ."

"ನಿನ್ನ ಅತ್ತೇಗೂ ಇದಾವೆ. ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಬಿಡ್ತಾಳೆ."

ಅಣ್ಣ ಬರುವುದು ತಡವಾದ್ದರಿಂದ, ಮಾವ ಕೈಯನ್ನು ಬಿಸಿನೀರಲ್ಲಿ ಅದ್ದುವ ಮುಂಚೆಯೇ, ಬರೀ ತಂತಿ ಮೀಟಿಸಿ ಅವಳು ಬೀರುವಿನಲ್ಲಿದ್ದ ಬೇರೆ ಮೈಕುಗಳನ್ನೆಲ್ಲ ಇಟ್ಟು ನೋಡಿದ್ದಳು. ದಪ್ಪ ಮೈಕನ್ನು ಗಿಟಾರಿನ ದುಂಡುಬಾಯಿಯ ಮುಂದಿಟ್ಟರೆ ಮಾವ ಬಾವಿಯೊಳಗೆ ಕೂತು ನುಡಿಸಿದ ಹಾಗಿತ್ತು. ಹಾಡುವವರು ಕೈಯಲ್ಲಿ ಹಿಡಿಯುವ ಮೈಕಿಟ್ಟರೆ ತಂತಿಯ ಹೊಳಪೇ ಹೋಯಿತು. ಒಂದು ದಪ್ಪ ಒಂದು ತೆಳು ಇಟ್ಟಳು. ಗಿಟಾರಿನ ಅರ್ಧ ಈ ಮನೆಯಲ್ಲಿ, ಅರ್ಧ ಆ ಮನೆಯಲ್ಲಿ. ಅವಳಿಗೆ ಬೇಕಾಗಿದ್ದು ಜೋಡಿಯೇ. ಒಂದು ಮೈಕು ಕತ್ತಿನ ಕಡೆ, ಮಾವನ ಎಡಗೈ ಓಡಾಡುವಲ್ಲಿ ನೋಡಬೇಕು. ಇನ್ನೊಂದು ಹೊಟ್ಟೆಯ ಕಡೆ. ಆಗ ಎರಡರ ನಡುವೆ ಗಿಟಾರು ಅಗಲವಾಗಿ, ಇಡಿಯಾಗಿ, ಎದುರಿಗೇ ಬಂದು ಕೂರುತ್ತದೆ. ಬೆರಳು ತಂತಿಯ ಮೇಲೆ ಜಾರುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಗೊತ್ತಾಗುತ್ತದೆ.

ಮೂರನೆಯ ಸಲವೂ ಗೊಣಗಾಟ ಉಳಿದಾಗ ಅವಳು ಹೆಡ್‌ಫೋನು ತೆಗೆದಿಟ್ಟಳು.

"ನಂದೇ ಇರ್ಬೇಕು ಅಣ್ಣ. ಹೋದ ತಿಂಗಳು ಸ್ಟ್ಯಾಂಡ್ ಸಮೇತ ಬಿದ್ದಿತ್ತು. ನೀನು ಬೈತೀಯ ಅಂತ ಹೇಳಿರ್ಲಿಲ್ಲ."

ಅಣ್ಣ ಕಿಸೆಯಲ್ಲಿ ಗುರ್ರೆಂದ ಫೋನನ್ನು ಹೊರಗೆ ತೆಗೆದು ನೋಡಿ ಮತ್ತೆ ಇಟ್ಟುಕೊಂಡ.

"ಹಂಗಾದ್ರೆ ಅದೇ. ಬಿದ್ದ ಮೇಲೆ ಮುಗೀತು ಅದರ ಕಥೆ." ಆಮೇಲೆ ದನಿ ಮೆತ್ತಗೆ ಮಾಡಿದ. "ಹೋಗ್ಲಿ ಬಿಡು ಕಿವಿ. ಯಾರ ಕೈಯಿಂದ ಬೀಳಲ್ಲ? ಬೇಜಾರ್ ಮಾಡ್ಕೋಬೇಡ."

ಕಿವಿ ಎನ್ನುವುದು ಮೇಷ್ಟ್ರು ಅವಳಿಗಿಟ್ಟ ಹೆಸರು. ಅವನು ಹಾಗೆ ಸಮಾಧಾನ ಹೇಳಿದಾಗ ಅವಳ ಕಣ್ಣು ತುಂಬಿಬಂತು. ಮಾವನ ಬೆರಳು ಒಂದು ದಿನ ಒಪ್ಪಿಕೊಂಡಿದ್ದವು, ಆ ದಿನವನ್ನು ತಾನೇ ಹಾಳು ಮಾಡಿದೆ ಎನಿಸಿತು. ಮಾವ ಏನೂ ಕೇಳಿಸದವನಂತೆ ತಂತಿ ಬಿಗಿಮಾಡುತ್ತಿದ್ದ.

ಫೋನು ಮತ್ತೆ ಗುರ್ರೆಂದಿತು. ಅಣ್ಣ ಅದನ್ನು ಹಿಡಿದುಕೊಂಡು ಹೊರಗಿನ ಮೆಟ್ಟಿಲಿಗೆ ಹೋದ.

ಅವಳು ಏಟು ಎಲ್ಲಿ ಬಿದ್ದಿದೆ ನೋಡೋಣವೆಂದು ತನ್ನ ಮೈಕಿನ ತಲೆಯನ್ನು ತಿರುಗಿಸಿ ಬಿಚ್ಚಿದಳು. ಈ ಜಾತಿಯ ಮೈಕಿಗೆ ತಲೆಯೇ ಎಲ್ಲ. ಕೇಳಿಸಿಕೊಳ್ಳುವುದು ಅದು, ಕೆಳಗಿನ ಕೊಳವೆ ಬರೀ ಹೊತ್ತುಕೊಂಡು ನಿಲ್ಲುತ್ತದೆ. ತಿರುಪಿನ ಒಳಗೆ ಕೆಂಪು ಚುಕ್ಕೆ ಇದ್ದಲ್ಲೇ ಇತ್ತು. ಬೇರೆ ತಲೆಗಳ ಜೊತೆ ಕಲೆಸಿಹೋಗದಿರಲಿ ಎಂದು ಮೇಷ್ಟ್ರು ಒಂದು ದಿನ ಹೆಂಡತಿಯ ಉಗುರುಬಣ್ಣ ತಂದು ಜೋಡಿಯ ಎರಡೂ ತಲೆಗೆ ಒಳಗಡೆ ಚುಕ್ಕೆ ಇಟ್ಟಿದ್ದರು. ಬಾಟಲಿ ಹಿಡಿದುಕೊಂಡು ನಿಂತಿದ್ದವಳು ಅವಳು. ಅಣ್ಣ ಅವತ್ತು ರಜೆಯಲ್ಲಿದ್ದ. ಅವನಿಗೆ ಹೇಳುವ ಸಂದರ್ಭ ಯಾವತ್ತೂ ಬಂದಿರಲಿಲ್ಲ.

ತಲೆಯಲ್ಲಿ ಏಟಿನ ಗುರುತು ಕಾಣಲಿಲ್ಲ. ಸರಿಯಾಗಿರುವುದು ಹೇಗಿರುತ್ತದೆ ನೋಡೋಣವೆಂದು ಅವನ ಮೈಕಿನ ತಲೆಯನ್ನೂ ಬಿಚ್ಚಿದಳು. ಒಳಗೆ ಚುಕ್ಕೆ ಇರಲಿಲ್ಲ. ತಿರುಪು ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಇಪ್ಪತ್ತು ವರ್ಷದ ಗೀರುಗಳಿದ್ದ ಕೊಳವೆಯ ಮೇಲೆ ನಿನ್ನೆ ಮೊನ್ನೆಯ ತಲೆ. ಅವಳು ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡಿದಳು. ಇಲ್ಲದ ಚುಕ್ಕೆ ಎಷ್ಟು ಸಲ ನೋಡಿದರೂ ಇಲ್ಲ.

ಅಣ್ಣ ಒಳಗೆ ಬಂದಾಗ ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಳು.

"ಇದರ ತಲೆ ಎಲ್ಲಿ ಅಣ್ಣ?"

"ಕೈಯಲ್ಲೇ ಇದೆಯಲ್ಲ."

"ಇದಲ್ಲ. ಮೇಷ್ಟ್ರು ಚುಕ್ಕೆ ಇಟ್ಟಿದ್ದು."

ಯಾವ ಚುಕ್ಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಒಂದು ಗಳಿಗೆಯಾದರೂ ಅನುಮಾನವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳೇನೋ. ಅವನು ಸ್ಟೂಲಿನ ಮೇಲೆ ಕೂತು ಮೊಣಕಾಲು ಉಜ್ಜಿಕೊಂಡ.

"ಸೇತುವೆ ಆಚೆ ಹೊಸ ಸ್ಟುಡಿಯೋ ಆಗಿದೆಯಲ್ಲ, ಅವರು ಕರೆದ್ರು. ಸೇರ್ಕೊಂಡು ಮೂರು ತಿಂಗಳಾಯ್ತು. ಹೇಳೋಣ ಹೇಳೋಣ ಅಂತಾನೇ ಇದ್ದೆ."

ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಅವರಿಬ್ಬರೂ ಇದೇ ಕೋಣೆಯಲ್ಲಿ ಎಷ್ಟು ಸಲ ಡಬ್ಬಿ ಬಿಚ್ಚಿ ಊಟ ಮಾಡಿದ್ದರು! ಸದ್ದು ಹೀರಲೆಂದು ಗೋಡೆಗೆ ತುಂಬಿದ ಹತ್ತಿಯನ್ನು ಬದಲಾಯಿಸಬೇಕು ಎಂದು ಅವನೇ ಅಳತೆ ಟೇಪು ಹಿಡಿದು ಓಡಾಡಿದ್ದ. ಅಳತೆಯನ್ನು ಅವಳು ಬರೆದುಕೊಂಡಿದ್ದಳು.

"ತಲೆ?"

"ಅವರಿಗೆ ಆ ಥರ ಗಿಟಾರ್ ಸದ್ದು ಬೇಕಿತ್ತು. ನಂದನ್ನ ಮೈಕು ಮಾಡೋರ ಹತ್ರಾನೇ ಕಳಿಸಿ, ಅದಕ್ಕೆ ಹೊಂದೋ ಹೊಸ ಜೋಡಿ ಹುಡುಕಿಸಿದಾರೆ. ಇಲ್ಲಿಗೆ ಇದನ್ನ ಹಾಕ್ಕೊಂಡು ಬಂದೆ. ಹೆಚ್ಚುಕಮ್ಮಿ ಒಂದೇ ಥರ ಇದೆ, ಗೊತ್ತಾಗಲ್ಲ ಅಂದ್ಕೊಂಡೆ."

"ನನಗೆ ಗೊತ್ತಾಗಲ್ಲ ಅಂತ?"

"ನನ್ನ ಪಾಲಿಂದೇ ಅಲ್ವಾ ಅದು? ಮೇಷ್ಟ್ರು ನನಗೆ ತಾನೇ ಕೊಟ್ಟಿದ್ದು?"

ಆ ಮಾತು ಸುಳ್ಳಲ್ಲ. ಕಳ್ಳತನವಾಗಿದ್ದರೆ ಕಳ್ಳ ಅನ್ನಬಹುದಿತ್ತು.

"ಅಲ್ಲಿ ರೇಡಿಯೋ ಇಟ್ಟು ನೋಡಿದ್ರಾ?" ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವನು ತಲೆಯೆತ್ತಿದ.

"ಹೂಂ."

"ಸದ್ದು ಸತ್ತೋಯ್ತಾ?"

ಅವನು ಬಾಗಿಲ ಹಿಡಿಯನ್ನು ನೋಡುತ್ತ, "ಸತ್ತೋಯ್ತು. ಪೂರ್ತಿ" ಎಂದ.

"ನಾನು ಬೀಳಿಸಿದ್ದಕ್ಕೇ ಹಿಂಗಾಯ್ತು ಅಂದಾಗ, ಹೌದು ಅಂದ್ರಲ್ಲ."

ಅಂದು ಅವಳ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಕಾಪಾಡಿದವನೇ ಈಗ ತನ್ನ ತಪ್ಪನ್ನು ಅವಳ ತಲೆಗೆ ಕಟ್ಟಿ, ಮೇಲಿಂದ ಸಮಾಧಾನವನ್ನೂ ಹೇಳಿದ್ದ. ಹೊಸ ಸ್ಟುಡಿಯೋ, ಹೊಸ ಜೋಡಿ, ಎಲ್ಲವನ್ನೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಆ ಸಮಾಧಾನವನ್ನು ಮಾತ್ರ ನುಂಗಲಾಗಲಿಲ್ಲ.

"ನಂಬಿಸಿ ಕತ್ತು ಕುಯ್ಯೋದು ಅಂದ್ರೆ ಇದೇ ಕಣಯ್ಯಾ" ಎಂದ ಮಾವ, ತಂತಿಯಿಂದ ಕಣ್ಣೆತ್ತದೆ. "ಮೈಕಿಂದೂ ಕುಯ್ದೆ, ಇವಳದೂ ಕುಯ್ದೆ." ಆಮೇಲೆ ಎಡಗೈಯನ್ನು ಬಿಚ್ಚಿ ಮಡಚಿ ನೋಡಿಕೊಂಡ. "ಬೆರಳು ಇನ್ನೂ ಬಿಸಿ ಇವೆ ಪುಟ್ಟಿ. ಇರೋದ್ರಲ್ಲೇ ಮಾಡು."

ಅವಳು ತನ್ನ ಮೈಕಿಗೆ ತಲೆ ತಿರುಗಿಸಿ ಹಾಕಿ ಒಂದೇ ಸ್ಟ್ಯಾಂಡನ್ನು ಎಳೆದುಕೊಂಡಳು. ಒಂದೇ ಆದರೆ ಅದು ಗಿಟಾರಿನ ಕತ್ತು ಮೈಗೆ ಸೇರುವ ಕಡೆ ನೋಡಬೇಕು, ಒಂದೂವರೆ ಗೇಣು ದೂರದಲ್ಲಿ. ಇಟ್ಟು ಕೇಳಿದಳು. ದಪ್ಪ ತಂತಿ ಸ್ವಲ್ಪ ಗುಂಯ್‌ಗುಟ್ಟಿತು. ತಿರುಗಿಸಿದಳು, ಸರಿಹೋಗಲಿಲ್ಲ.

"ನಾಲ್ಕು ಬೆರಳು ಈಚೆಗೆ. ಮೂತಿ ಸ್ವಲ್ಪ ಮೇಲೆ" ಎಂದ ಅಣ್ಣ ಸ್ಟೂಲಿನಿಂದಲೇ, ಅಭ್ಯಾಸಬಲದಿಂದ.

ಬೇಕೆಂದೇ ಅವಳು ಆಚೆಗೆ ಸರಿಸಿದಳು. ಕೆಟ್ಟದಾಯಿತು. ಕೊನೆಗೆ ನಾಲ್ಕು ಬೆರಳು ಈಚೆಗೆ ತಂದು ಮೂತಿ ಎತ್ತಿದಳು. ಗಿಟಾರು ಸರಿಯಾಗಿ ಬಂದು ನಿಂತಿತು. ಅವನನ್ನು ಹೊರಗೆ ಕಳಿಸಿಬಿಡಬೇಕು ಎನಿಸಿತು. ಆದರೆ ಬೆರಳು ತಣ್ಣಗಾಗುವ ಮುಂಚೆ ಮುಗಿಯಬೇಕಿತ್ತು, ಜಗಳಕ್ಕೆ ಪುರುಸೊತ್ತಿರಲಿಲ್ಲ. ಒಂದೇ ಕೋಣೆಯ ಸ್ಟುಡಿಯೋ. ಶುರುವಾದ ಮೇಲೆ ಯಾರೂ ಅಲ್ಲಾಡುವಂತಿಲ್ಲ. ಮುಗಿದ ಮೇಲೂ ಅಲ್ಲಾಡುವಂತಿಲ್ಲ. ಕೊನೆಯ ಮೀಟಿನ ನಂತರ ಹತ್ತರವರೆಗೆ ಎಣಿಸಬೇಕು, ತಂತಿ ಪೂರ್ತಿ ನಿಲ್ಲುವ ತನಕ ಉಸಿರೂ ಬಿಡಬಾರದು. ಅದೂ ಮೇಷ್ಟ್ರ ಕಟ್ಟಳೆ, ಅದಕ್ಕೆ ಪೊಲೀಸು ಅಣ್ಣ. ಯಾರೇ ಬಂದು ನುಡಿಸಲಿ, ಮುಗಿಯುತ್ತಿದ್ದಂತೆ ಅವನ ತೋರುಬೆರಳು ಮೇಲೇಳುತ್ತಿತ್ತು. ಹತ್ತಕ್ಕೇ ಇಳಿಯುತ್ತಿತ್ತು. ಒಮ್ಮೆ ಎಂಟಕ್ಕೆ ಕೆಮ್ಮಿದ ಹಾಡುಗಾರನನ್ನು ಅವನು ಒಂದು ವಾರ ಮಾತಾಡಿಸಿರಲಿಲ್ಲ.

"ನುಡಿಸು ಮಾವ."

ಮಾವ ನುಡಿಸಿದ. ಹೆಬ್ಬೆರಳು ದಪ್ಪ ತಂತಿಯಲ್ಲಿ ಒಂದೇ ವೇಗದಲ್ಲಿ ದಾರಿ ಸವೆಸುತ್ತಿತ್ತು, ತೆಳು ತಂತಿಗಳಲ್ಲಿ ಯಾರೋ ಹತ್ತುತ್ತಿದ್ದರು, ಇಳಿಯುತ್ತಿದ್ದರು. ನಡುವೆ ಒಂದು ಕಡೆ ಕಿರುಬೆರಳು ಏಳಲಿಲ್ಲ. ಅವನು ರಸ್ತೆಯಲ್ಲಿ ಗುಂಡಿ ಕಂಡ ಡ್ರೈವರನಂತೆ ಬೇರೆ ಬೆರಳಿನಿಂದ ಬಳಸಿಕೊಂಡು ಹೋದ. ಅವಳಿಗೆ ಅಳು ಬಂದಿತ್ತು, ಆದರೆ ಮೂಗೆಳೆಯುವ ಹಾಗಿರಲಿಲ್ಲ. ಕೊನೆಯ ಮೀಟು ಬಿದ್ದಿತು. ಮಾವ ಕೈ ಎತ್ತಿ ಹಾಗೇ ಹಿಡಿದ. ಅವಳು ಮನಸ್ಸಿನಲ್ಲಿ ಎಣಿಸತೊಡಗಿದಳು.

ಆರಕ್ಕೆ ಅಣ್ಣನ ಕಿಸೆಯಲ್ಲಿ ಫೋನು ಗುರ್ರೆಂದಿತು. ಸ್ಟೂಲು ಕಿರುಗುಟ್ಟಿತು. ಅವನು ಎದ್ದು, ಅವಳ ಕಡೆ ನೋಡದೆ, ಬಾಗಿಲು ತೆಗೆದುಕೊಂಡು ಹೊರಟುಹೋದ.

ಮಾವನ ಎಡಗೈ ತೊಡೆಯ ಮೇಲೆ ಬಿದ್ದುಕೊಂಡಿತು. ಬೆರಳು ಮಡಚಲು ನೋಡಿದ, ಎರಡು ಮಡಚಿದವು, ಎರಡು ಹಾಗೇ ಉಳಿದವು.

"ಇನ್ನೊಂದ್ಸಲ ಆಗಲ್ಲ ಪುಟ್ಟಿ."

"ಬೇಡ ಮಾವ. ಬಂದಿದೆ."

ಹೆಡ್‌ಫೋನನ್ನು ಮೊದಲು ಅವನ ಕಿವಿಗೆ ಹಾಕಿದಳು. ಮಾವ ಕಣ್ಣು ಮುಚ್ಚಿಕೊಂಡು ಕೇಳಿದ. ಏಳದ ಕಿರುಬೆರಳನ್ನು ಬಳಸಿಕೊಂಡು ಹೋದ ಕಡೆ ತುಟಿಯಲ್ಲೇ ನಕ್ಕ. ಕೊನೆಯಲ್ಲಿ ಅವನ ಹುಬ್ಬು ಗಂಟಾಯಿತು.

"ಅವನು ಹೋಗಿದ್ದೂ ಇದೆಯಲ್ಲೇ ಇದರಲ್ಲಿ. ಕತ್ತರಿಸ್ಬಹುದಾ?"

"ಕತ್ತರಿಸ್ಬಹುದು. ಅದರ ಜೊತೆ ತಂತೀನೂ ಹೋಗುತ್ತೆ. ಇನ್ನೂ ಮಿಡಿತಾ ಇತ್ತು."

"ಹಂಗಾದ್ರೆ ಇರ್ಲಿ" ಎಂದು ಮಾವ ಗಿಟಾರನ್ನು ಚೀಲಕ್ಕೆ ಹಾಕತೊಡಗಿದ. ಒಂದೇ ಕೈಯಲ್ಲಿ ಜಿಪ್ಪು ಎಳೆಯಲು ಅವನಿಗೆ ಕಷ್ಟವಾಗುತ್ತಿತ್ತು, ಅವಳು ಚೀಲ ಹಿಡಿದುಕೊಟ್ಟಳು.

ಆಮೇಲೆ ಹೆಡ್‌ಫೋನು ಹಾಕಿಕೊಂಡು ಕೊನೆಯ ಭಾಗವನ್ನು ಮತ್ತೆ ಹಚ್ಚಿದಳು. ಮೀಟು ಬಿದ್ದಿತು. ಅವಳ ತೋರುಬೆರಳು ತಾನಾಗಿ ಮೇಲೆದ್ದಿತು. ಆರಕ್ಕೆ ಸ್ಟೂಲು, ಆಮೇಲೆ ಹೆಜ್ಜೆ. ಜೋಡಿ ಇದ್ದಿದ್ದರೆ ಹೆಜ್ಜೆ ಬಲಗಡೆಗೆ, ಬಾಗಿಲ ಕಡೆಗೆ ಹೋಗುವುದು ಕೇಳಿಸುತ್ತಿತ್ತು. ಒಂದೇ ಮೈಕಿಗೆ ದಿಕ್ಕು ತಿಳಿಯುವುದಿಲ್ಲ. ಹೆಜ್ಜೆ ಯಾವ ಕಡೆಗೂ ಹೋಗದೆ ಇದ್ದಲ್ಲೇ ಸಣ್ಣಗಾಯಿತು. ಒಂಬತ್ತಕ್ಕೆ ಬಾಗಿಲು. ಹತ್ತಕ್ಕೆ ತಂತಿ ನಿಂತಿತು. ಅವಳು ಬೆರಳನ್ನು ಇಳಿಸಿದಳು.