ಗುಂಡುಸೂಜಿಗೆ ಬರೆದ ಕಾಗದ

ಹೊದಿಕೆಯ ಎರಡು ಮೂಲೆ ಅಜ್ಜಿಯ ಕೈಯಲ್ಲಿ, ಇನ್ನೆರಡು ಮೊಮ್ಮಗಳ ಕೈಯಲ್ಲಿ. ಮಡಚಲು ಹತ್ತಿರ ಬಂದಾಗಲೆಲ್ಲ ಹುಡುಗಿಯ ಫೋನು ಗುಂಯ್‌ಗುಟ್ಟುತ್ತಿತ್ತು. ಅವಳು ಮೂಲೆಗಳನ್ನು ಗಲ್ಲದಡಿ ಸಿಕ್ಕಿಸಿಕೊಂಡೇ ಮಾತಾಡಿದಳು: “ಲೋ ಮಗಾ, ಬಿಲ್ಡಪ್ ಸಾಕು. ಓಳು ಬಿಡ್ಬೇಡ.”

“ಯಾವನೇ ಅವನು ಮಗ?”

“ನನ್ ಫ್ರೆಂಡ್ ಅಜ್ಜಿ. ಹುಡುಗಿ.”

“ಹುಡುಗಿ ಮಗ! ಸರಿಹೋಯ್ತು. ಭಾಷೇನ ಹರಿದು ಚಿಂದಿ ಮಾಡಿದೀರಿ.”

“ಚಿಂದಿ ಅಂದ್ರೆ ನಮ್ಮಲ್ಲಿ ಭಾರೀ ಚೆನ್ನಾಗಿದೆ ಅಂತ. ಥ್ಯಾಂಕ್ಸ್ ಅಜ್ಜಿ!”

ಅಜ್ಜಿ ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ. ಬರವಣಿಗೆಯೆಂದರೆ ಗಂಜಿ ಹಾಕಿದ ಬಟ್ಟೆಯಂತೆ ನೆಟ್ಟಗೆ ನಿಲ್ಲಬೇಕೆಂಬ ಹಟ ಅವಳದು. ಆ ಹಟದಿಂದಲೇ ಒಂದು ಕಾಗದ, ಇನ್ನೂ ನೆಟ್ಟಗಾಗಿಲ್ಲವೆಂದು, ಹನ್ನೊಂದು ತಿಂಗಳಿಂದ ಬೀರುವಿನಲ್ಲಿ ಕೂತಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ಪಕ್ಕದ ಮಷೀನಿನಲ್ಲಿದ್ದ ಗೆಳತಿಗೆ ಬರೆದದ್ದು. ನನ್ನ ಕತ್ತರಿ ನೀನೇ ಕದ್ದೆ ಎಂದು ಅಜ್ಜಿ ಅವಳಿಗೆ ಅಂದುಬಿಟ್ಟ ದಿನದಿಂದ ಇಬ್ಬರಿಗೂ ಮಾತಿಲ್ಲ. ಕಳೆದ ವರ್ಷ ಗೆಳತಿಯೇ ಸೋತು ಎರಡು ಸಾಲು ಬರೆದಿದ್ದಳು. ಉತ್ತರ ಹೋಗದಿದ್ದರೆ ಅವಳು ಮತ್ತೆ ಬರೆಯುವವಳಲ್ಲ.

ಹೊದಿಕೆ ಇಡಲು ಬೀರು ತೆಗೆದ ಹುಡುಗಿಯ ಕೈಗೆ ಆ ಕಾಗದವೇ ಸಿಕ್ಕಿತು.

“‘ಮಾನ್ಯರೇ, ಹಿಂದೆ ನಡೆದ ಅಹಿತಕರ ಘಟನೆಗೆ ವಿಷಾದಿಸುತ್ತೇನೆ...’ ಅಜ್ಜೀ, ಇದೇನು ನಲ್ಲಿ ಹಾಕಿಸ್ಕೊಡಿ ಅಂತ ಅರ್ಜಿನಾ?”

“ಕಾರ್ಖಾನೇಲಿ ಪಕ್ಕದ ಮಷೀನಿನವಳಿಗೆ ಬರ್ದಿದ್ದು. ಕಾಗದ ಅಂದ್ರೆ ಹಾಗೇ ಬರೀಬೇಕು ಕಣೇ.”

“ಕೆಲಸದಲ್ಲೂ ಇವರನ್ನ ಮಾನ್ಯರೇ ಅಂತಿದ್ಯಾ?”

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಗುಂಡ್ಸೂಜಿ ಅಂತಿದ್ದೆ. ತೆಳ್ಳಗಿದ್ಳು, ಚುಚ್ತಿದ್ಳು. ಸೂಪರ್‌ವೈಸರ್ ಬಂದ್ರೆ ‘ಇಸ್ತ್ರಿ ಬಂತು’. ಯಾರಿಗಾದ್ರೂ ಪ್ರೀತಿಯಾದ್ರೆ ‘ಗುಂಡಿ ಬಿತ್ತು’. ಮಾತು ಬಿಟ್ರೆ ‘ದಾರ ಕಟ್’.”

“ಅಬ್ಬಾ! ನಮ್ಮ ಗ್ಯಾಂಗಿಗಿಂತ ನಿಮ್ದೇ ಜೋರಿತ್ತು. ಹಾಗೇ ಬರಿ, ಅವರಿಗೆ ನೀನೇ ಅಂತ ಗೊತ್ತಾಗ್ಲಿ.”

ಅಜ್ಜಿ ಹೊಸ ಹಾಳೆ ತೆಗೆದಳು. ಮಾನ್ಯರೇ ಎಂದರೆ ತಪ್ಪನ್ನು ಮಡಚಿ ಒಳಗಿಡಬಹುದಿತ್ತು. ಗುಂಡುಸೂಜಿ ಎಂದ ಮೇಲೆ ಹೇಗೆ ಮುಚ್ಚಿಡುವುದು? ಪೆನ್ನು ಬಹಳ ಹೊತ್ತು ನಿಂತಿತು, ಆಮೇಲೆ ಓಡಿತು.

‘ಲೇ ಗುಂಡ್ಸೂಜಿ, ದಾರ ಕಟ್ ಮಾಡಿದೋಳು ನಾನೇ. ಕತ್ತರಿ ನನ್ನ ಚೀಲದ ಅಸ್ತರಿನೊಳಗೇ ಜಾರಿತ್ತು. ಆ ವಾರವೇ ಸಿಕ್ತು, ಹೇಳೋಕೆ ಮುಖ ಇರಲಿಲ್ಲ. ಗಂಟು ಹಾಕೋಕೆ ನನಗೀಗ ಕಣ್ಣು ಸಾಲದು, ನೀನೇ ಬಾ.’

“ಫೋಟೋ ತೆಗೆದು ಕಳಿಸ್ಲಾ?”

“ಬೇಡ. ಕಾಗದಕ್ಕೆ ಕಾಗದವೇ ಹೋಗ್ಬೇಕು.”

ಬೀದಿಯ ತಿರುವಿನ ಅಂಚೆ ಡಬ್ಬಿಗೆ ಅಜ್ಜಿಯೇ ಹಾಕಿದಳು. ಎಲ್ಲಾದರೂ ಸಿಕ್ಕಿಕೊಂಡಿತೇನೋ ಎಂದು ಬೆರಳು ತೂರಿಸಿ ತಡವಿದಳು. ಏನೂ ತಗುಲಲಿಲ್ಲ.