ಶಿರಾಳಕೊಪ್ಪದಲ್ಲಿ ಕಡಲ ನೀರು

ಸಂತೆಯ ದಿನ ಬೆಳಿಗ್ಗೆ ಗಂಗಾಶ್ರೀ ನಾಲ್ಕು ಚೀಲ ಕಲ್ಲುಪ್ಪು ಕೊಂಡು ಆಟೋಗೆ ಹೇರಿಸುತ್ತಿದ್ದಳು. ಕಿರಾಣಿ ಅಂಗಡಿಯ ವೀರಬಸಪ್ಪ ಗಲ್ಲಾ ಬಿಟ್ಟು ಎದ್ದು ಬಂದರು.

"ಇಷ್ಟು ಉಪ್ಪು ಯಾಕವ್ವ? ಉಪ್ಪಿನಕಾಯಿ ಫ್ಯಾಕ್ಟರಿ ಹಾಕ್ತೀಯೇನು?"

"ಸಮುದ್ರ ಮಾಡ್ಬೇಕು ಕಾಕಾ."

ವೀರಬಸಪ್ಪ ಜೋರಾಗಿ ನಕ್ಕರು. ಅವಳು ಮಾತ್ರ ತಮಾಷೆಗೆ ಹೇಳಿರಲಿಲ್ಲ.

ಶಿರಾಳಕೊಪ್ಪದಲ್ಲಿ ಅವಳ ತಂದೆ ಮಲ್ಲೇಶಪ್ಪನವರದು ಹಳೆಯ ಪಂಪ್‌ಸೆಟ್ ಅಂಗಡಿ. ಗಂಗಾಶ್ರೀ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ ಬಂದು, ಅಂಗಡಿಯ ಹಿಂದಿನ ಶೆಡ್ಡಿನಲ್ಲೇ ಸೋಲಾರ್ ಪಂಪ್ ತಯಾರಿಸಲು ಶುರುಮಾಡಿದ್ದಳು. ವೈರಿಂಗು, ಪ್ಯಾನೆಲ್ಲು, ಲೆಕ್ಕಾಚಾರ ನೋಡಿಕೊಳ್ಳಲು ಸೊರಬದ ಹೇಮಂತ್ ಜೊತೆಗಿದ್ದ. ಈಸೂರಿನ ಹೊಲಗಳಲ್ಲಿ ಇವರ ಪಂಪುಗಳು ಹಗಲು ಹೊತ್ತು ತಣ್ಣಗೆ ನೀರೆತ್ತುತ್ತಿದ್ದವು. ಅದನ್ನು ನೋಡಿ ಹೋದ ಯಾರೋ ಕರಾವಳಿಯಲ್ಲಿ ಸುದ್ದಿ ಹೇಳಿದ್ದರು. ಹಾಗಾಗಿ ಒಂದು ದಿನ ಬೆಳ್ಳಿಕೇರಿ ಎಂಬ ಮೀನುಗಾರರ ಊರಿನಿಂದ ಫೋನ್ ಬಂತು.

ಮಾತಾಡಿದ್ದು ಅಲ್ಲಿನ ಮಹಿಳಾ ಸಂಘದ ಅಧ್ಯಕ್ಷೆ ಮಾದೇವಿ ಹರಿಕಂತ್ರ. "ಬಿಸಿಲಿಂದ ಬೋರ್ ನೀರು ಎತ್ತತೀರಂತೆ. ಅದೇ ಬಿಸಿಲಿಂದ ಸಮುದ್ರದ ನೀರಿನ ಉಪ್ಪು ತೆಗೀಲಿಕ್ಕೆ ಆಗ್ತದಾ?"

ಬೆಳ್ಳಿಕೇರಿಯಲ್ಲಿ ಶಿವರಾತ್ರಿ ಕಳೆದರೆ ಸಾಕು, ಬಾವಿಗಳ ನೀರು ಉಪ್ಪಾಗುತ್ತಿತ್ತು. ಮಳೆ ಬರುವವರೆಗೆ ಟ್ಯಾಂಕರ್ ನೀರೇ ಗತಿ. ಹಿಂದೆ ಯಾವುದೋ ಕಂಪನಿಯವರು ಒಂದು ಘಟಕ ಹಾಕಿದ್ದರು. ನೀರೇನೋ ಸಿಹಿಯಾಗಿಯೇ ಬಂತು. ಆದರೆ ಕರೆಂಟ್ ಬಿಲ್ ಕಟ್ಟಿ, ರಿಪೇರಿ ಮಾಡಿಸಿ ನೋಡಿದರೆ ಒಂದು ಕೊಡ ನೀರು ಟ್ಯಾಂಕರಿಗಿಂತ ದುಬಾರಿಯಾಯಿತು. ಕೊಳ್ಳುವವರಿಲ್ಲದೆ ಘಟಕಕ್ಕೆ ಬೀಗ ಬಿತ್ತು.

ಹೇಮಂತ್ ಎರಡು ದಿನ ಕೂತು ಅಂದಾಜು ಹಾಕಿದ. "ಅಕ್ಕ, ಪ್ಯಾನೆಲ್ ಈಗ ಅಗ್ಗ. ಬ್ಯಾಟರಿನೇ ನಮ್ಮನ್ನ ತಿನ್ನೋದು. ಅದೂ ಕೆಲವೇ ವರ್ಷಕ್ಕೆ ಹೊಸದು ಹಾಕ್ಬೇಕು. ಹಿಂಗಾದ್ರೆ ನಮ್ಮ ಘಟಕಕ್ಕೂ ಬೀಗವೇ."

"ಬ್ಯಾಟರಿ ಬಿಟ್ಟುಬಿಡು. ಬಿಸಿಲಿದ್ದಾಗ ಮಾತ್ರ ಓಡ್ಲಿ. ಕರೆಂಟ್ ಕೂಡಿಡೋ ಬದಲು ನೀರನ್ನೇ ಕೂಡಿಡೋಣ. ದೊಡ್ಡದೊಂದು ಸಿಮೆಂಟ್ ಟ್ಯಾಂಕ್ ಕಟ್ಟಿದ್ರೆ ಮೂವತ್ತು ವರ್ಷ ಬಾಳ್ತದೆ."

"ಸರಿ. ಆದ್ರೆ ದಿನವಿಡೀ ತೆಗೆಯೋ ನೀರನ್ನ ಆರೇಳು ತಾಸಲ್ಲಿ ತೆಗೀಬೇಕು ಅಂದ್ರೆ ಮಿಷನ್ನೂ ದೊಡ್ಡದು ಬೇಕಲ್ಲ? ಸಂಜೆಯಿಂದ ಅದು ಸುಮ್ನೆ ನಿಂತಿರ್ತದೆ. ಆ ಖರ್ಚೂ ಒಂದೊಂದು ಕೊಡ ನೀರಿನ ಮೇಲೇ ಬೀಳೋದು."

ಅವನ ಮಾತು ನಿಜವಾಗಿತ್ತು. ಗಂಗಾಶ್ರೀ ಅವತ್ತು ಅಂದಾಜಿನ ಹಾಳೆ ಮಡಚಿಕೊಂಡು ಮನೆಗೆ ಹೋದಳು.

ಉತ್ತರದ ಒಂದು ತುದಿ ಅವಳಿಗೆ ಅಪ್ಪನ ಜೊತೆ ಊಟಕ್ಕೆ ಕೂತಾಗ ಸಿಕ್ಕಿತು. ಉಪ್ಪು ನೀರನ್ನು ಮೆಂಬ್ರೇನ್ ಎಂಬ ಸೂಕ್ಷ್ಮ ಹಾಳೆಯ ಮೂಲಕ ತಳ್ಳಲು ಭಾರೀ ಒತ್ತಡ ಬೇಕು, ಕರೆಂಟೆಲ್ಲ ಹೋಗುವುದು ಅದಕ್ಕೇ ಎಂದು ಅವಳು ವಿವರಿಸುತ್ತಿದ್ದಳು. ಸ್ವಲ್ಪ ನೀರು ಸಿಹಿಯಾಗಿ ಈಚೆ ಬರುತ್ತದೆ. ಉಳಿದದ್ದು ಇನ್ನಷ್ಟು ಉಪ್ಪಾಗಿ, ಅದೇ ಒತ್ತಡದಲ್ಲಿ, ಹೊರಗೆ ಚಿಮ್ಮಿ ಹೋಗುತ್ತದೆ.

"ಅಷ್ಟು ಪ್ರೆಷರ್ ಸುಮ್ನೆ ಹಾಳಾಗ್ತತಿ?" ಎಂದು ಮಲ್ಲೇಶಪ್ಪ ರೊಟ್ಟಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು.

"ದೊಡ್ಡ ಘಟಕದಲ್ಲಿ ಅದನ್ನ ಹಿಡಿದು ವಾಪಸ್ ಬಳಸ್ತಾರೆ ಅಪ್ಪಾಜಿ. ಸಣ್ಣ ಘಟಕಕ್ಕೆ ಆ ಸಾಮಾನು ಹೊರದೇಶದಿಂದ ತರಿಸ್ಬೇಕು. ಬಹಳ ರೇಟು."

"ಹಂಗಾದ್ರೆ ನಾವೇ ಮಾಡೋಣ ತಗೊ."

ಅಲ್ಲಿಂದ ಮುಂದಿನ ಐದಾರು ತಿಂಗಳು ತಂದೆ ಮಗಳು ಇಬ್ಬರೂ ಶೆಡ್ಡಿನಲ್ಲೇ. ಎರಡು ಪಿಸ್ಟನ್ನುಗಳ ಒಂದು ಪಂಪಿನ ನಕ್ಷೆಯನ್ನು ಗಂಗಾಶ್ರೀ ಬರೆದಳು. ಹೊರಹೋಗುವ ಉಪ್ಪು ನೀರು ಒಂದು ಪಿಸ್ಟನ್ನನ್ನು ತಳ್ಳಿದರೆ, ಇನ್ನೊಂದು ಹೊಸ ನೀರನ್ನು ಒಳಗೆ ತಳ್ಳಬೇಕು. ಶಿಕಾರಿಪುರದ ಲೇತ್‌ನಲ್ಲಿ ಬಿಡಿಭಾಗ ಕಡೆಸಿದರು. ಜೀವಮಾನವೆಲ್ಲ ಪಂಪು ಬಿಚ್ಚಿ ಕೂಡಿಸಿದ ಮಲ್ಲೇಶಪ್ಪ ನೀರು ಸೋರದಂತೆ ತಡೆಯುವ ಸೀಲ್‌ಗಳನ್ನು ಕೈಯಾರೆ ಉಜ್ಜಿ ಕೂರಿಸಿದರು. ಪರೀಕ್ಷೆಗೆ ಕಡಲ ನೀರು ಬೇಕಲ್ಲ, ಆಗಲೇ ಆ ನಾಲ್ಕು ಚೀಲ ಉಪ್ಪು ಬಂದದ್ದು. ದೊಡ್ಡ ಟ್ಯಾಂಕಿನಲ್ಲಿ ಉಪ್ಪು ಕರಗಿಸಿ, ಯಂತ್ರದಿಂದ ಹೊರಬಂದ ಸಿಹಿ ನೀರು, ಉಪ್ಪು ನೀರು ಎರಡನ್ನೂ ಮತ್ತೆ ಅದೇ ಟ್ಯಾಂಕಿಗೆ ಸೇರಿಸುತ್ತಿದ್ದರು. ಒಂದು ಹನಿಯೂ ಯಾರ ಗದ್ದೆಗೂ ಹರಿಯಲಿಲ್ಲ.

ಮೊದಲ ದಿನ ಪೈಪಿನ ಜೋಡಣೆಯೊಂದು ಕಿತ್ತು, ಮಲ್ಲೇಶಪ್ಪನವರ ಬಿಳಿ ಅಂಗಿ ಪೂರ್ತಿ ತೊಯ್ದಿತು. ಹೇಮಂತ್ ಓಡಿ ಹೋಗಿ ಸ್ವಿಚ್ ಆರಿಸಿದ. ಮಲ್ಲೇಶಪ್ಪ ತುಟಿ ನೆಕ್ಕಿಕೊಂಡು, "ಉಪ್ಪು ಹದವಾಗೈತಿ" ಎಂದರು. ಆಮೇಲೆ ಪಿಸ್ಟನ್ ಕಚ್ಚಿಕೊಂಡಿತು, ಸೀಲ್ ಸೋರಿತು, ಮೂರು ಸಲ ಎಲ್ಲವನ್ನೂ ಹೊಸದಾಗಿ ಕಡೆಸಬೇಕಾಯಿತು. ಕೊನೆಗೊಮ್ಮೆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ಓಡಿತು. ಹೇಮಂತ್ ಮೀಟರ್ ನೋಡಿದ, ನಂಬಿಕೆಯಾಗದೆ ಮತ್ತೆ ನೋಡಿದ. ತಾನು ಮೊದಲು ಅಂದಾಜು ಹಾಕಿದ್ದರ ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ ಅಷ್ಟೇ ನೀರು ಬಂದಿತ್ತು. ಅಂದರೆ ಪ್ಯಾನೆಲ್‌ಗಳೂ ಅರ್ಧ ಸಾಕು.

ಬೆಳ್ಳಿಕೇರಿಯಿಂದ ಮಾದೇವಿ ಮತ್ತು ಸಂಘದ ಹೆಂಗಸರು ಬಸ್ಸಿನಲ್ಲಿ ಬಂದಿಳಿದರು. ಅಂಗಡಿಯ ಮುಂದೆ ಅರ್ಧ ಪೇಟೆಯೇ ಸೇರಿತ್ತು. ಮಾದೇವಿ ಮೊದಲು ಟ್ಯಾಂಕಿಗೆ ಬೆರಳದ್ದಿ ಬಾಯಿಗಿಟ್ಟುಕೊಂಡರು. "ಹೌದು, ನಮ್ಮ ಸಮುದ್ರವೇ." ಆಮೇಲೆ ನಲ್ಲಿಯಿಂದ ಲೋಟ ತುಂಬಿಸಿಕೊಂಡು ಕುಡಿದರು, ಇನ್ನೊಂದು ಲೋಟ ತುಂಬಿಸಿ ಪಕ್ಕದವರಿಗೆ ಕೊಟ್ಟರು. ಆಗಲೇ ಮೋಡ ಅಡ್ಡ ಬಂತು. ಪಂಪಿನ ಸದ್ದು ತಗ್ಗಿತು, ನೀರಿನ ಧಾರೆ ಸಣ್ಣದಾಯಿತು. ಎಲ್ಲರೂ ನೋಡುತ್ತಿದ್ದಂತೆ ಮೋಡ ಸರಿದು, ಧಾರೆ ತಾನಾಗಿಯೇ ದಪ್ಪವಾಯಿತು.

"ನೀರು ಚಲೋ ಅದೆ ಮಾರಾಯ್ತಿ," ಎಂದರು ಮಾದೇವಿ. "ರೇಟು ಹೇಳು. ಹೋದ ಸಲ ನಾವು ಮುಳುಗಿದ್ದು ಅಲ್ಲೇ."

ಹೇಮಂತ್ ಮುಚ್ಚಿಡಲಿಲ್ಲ. "ಟ್ಯಾಂಕರಿನಷ್ಟೇ ಬೀಳ್ತದೆ ಅಮ್ಮ. ಅದಕ್ಕಿಂತ ಕೆಳಗೆ ಇಳೀತಿಲ್ಲ."

ಮಾದೇವಿಯ ಮುಖ ಸಪ್ಪಗಾಯಿತು. "ಹಂಗಾದ್ರೆ ಸಾಲ ಮಾಡಿ ಎಂತಕ್ಕೆ ಹಾಕೋದು?"

ಗಂಗಾಶ್ರೀ ಅವರ ಪಕ್ಕ ಬಂದು ಕೂತಳು. "ಅಕ್ಕಾ, ಬೇಸಿಗೆಯಲ್ಲಿ ನಿಮಗೆ ನೀರು ಬೇಕು, ಆಗಲೇ ಬಿಸಿಲೂ ಜೋರು. ಅದು ಸರಿಹೋಯ್ತು. ಆದ್ರೆ ಮಳೆ ಮುಗಿದ ಮೇಲೆ ಬಾವಿ ನೀರು ಸಿಹಿ, ನಮ್ಮ ಪ್ಯಾನೆಲ್ಲು ಸುಮ್ನೆ ಬಿಸಿಲು ಕಾಯ್ತಾ ಕೂರ್ತವೆ. ಆಗ ಬರೋ ಕರೆಂಟಲ್ಲಿ ನಿಮಗೆ ಇನ್ನೇನು ಆಗ್ಬೇಕು ಹೇಳಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರ್ನಾಲ್ಕು ಮಂದಿ ಒಟ್ಟಿಗೇ ಅಂದರು: "ಐಸು!"

ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದರೆ ಮೀನು ಕೆಡದಂತೆ ಇಡಲು ದಿನವೂ ಐಸ್ ಬೇಕು. ಅದನ್ನು ದೂರದಿಂದ ಲಾರಿಯಲ್ಲಿ ತರಿಸುತ್ತಿದ್ದರು, ಬರುವಷ್ಟರಲ್ಲಿ ಕಾಲು ಭಾಗ ಕರಗಿರುತ್ತಿತ್ತು. ಹೇಮಂತ್ ಅಲ್ಲೇ ಪಂಪಿನ ಡಬ್ಬದ ರಟ್ಟಿನ ಮೇಲೆ ಲೆಕ್ಕ ಹಾಕತೊಡಗಿದ. ಐಸ್ ಯಂತ್ರದ ಖರ್ಚು ಸೇರಿಸಿದ, ಅದರ ಗಳಿಕೆ ಕಳೆದ. ತಲೆಯೆತ್ತಿದಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಟ್ಯಾಂಕರಿನ ಅರ್ಧ ರೇಟಿಗೆ ನೀರು ಕೊಡಬಹುದು ಅಕ್ಕ!"

ಮುಂದಿನ ಬೇಸಿಗೆಗೆ ಬೆಳ್ಳಿಕೇರಿಯ ಘಟಕ ಶುರುವಾಯಿತು. ನಡೆಸುವವರು ಸಂಘದ ಹೆಂಗಸರೇ. ಸಂಜೆ ನಿಲ್ಲಿಸುವ ಮುಂಚೆ ಮೆಂಬ್ರೇನನ್ನು ಸಿಹಿ ನೀರಲ್ಲಿ ತೊಳೆಯುವುದನ್ನು ಗಂಗಾಶ್ರೀ ಅಲ್ಲೇ ಒಂದು ವಾರ ಉಳಿದು ಕಲಿಸಿದಳು. ಉದ್ಘಾಟನೆಯ ದಿನ ಮಲ್ಲೇಶಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದರು. ಭಾಷಣ ನಡೆಯುವಾಗ ಅವರು ಯಂತ್ರದ ಹತ್ತಿರ ನಿಂತು, ಅದರ ಮೇಲಿನ ತಗಡಿನಲ್ಲಿದ್ದ ‘ಶಿರಾಳಕೊಪ್ಪ, ಶಿಕಾರಿಪುರ ತಾಲ್ಲೂಕು’ ಎಂಬ ಅಕ್ಷರಗಳನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಯಾರು ಬಂದು ಕೇಳಿದರೂ, "ನನ್ನ ಮಗಳು ಮಾಡಿದ್ದು. ಸೀಲು ಮಾತ್ರ ನಂದು," ಎನ್ನುತ್ತಿದ್ದರು.

ವರ್ಷದ ಕೊನೆಗೆ ಸಂಘ ಬ್ಯಾಂಕಿನ ಕಂತು ಒಂದೂ ತಪ್ಪಿಸಿರಲಿಲ್ಲ, ಹೊಸ ಮೆಂಬ್ರೇನಿಗೆಂದು ಹಣವನ್ನೂ ತೆಗೆದಿಟ್ಟಿತ್ತು. ಅಕ್ಕಪಕ್ಕದ ಎರಡು ಊರಿನವರು ತಮಗೂ ಬೇಕೆಂದು ಬಂದರು. ಶೆಡ್ಡು ಸಾಲದೆ ಹೇಮಂತ್ ವೈರಿಂಗ್ ಕೆಲಸವನ್ನು ಸೊರಬಕ್ಕೆ ಒಯ್ದು, ಅಲ್ಲಿನ ಐಟಿಐ ಮುಗಿಸಿದ ಹುಡುಗಿಯರನ್ನು ಸೇರಿಸಿಕೊಂಡ.

ಅಂಗಡಿಗೆ ಬಂದ ಗಿರಾಕಿಗಳನ್ನು ಮಾತ್ರ ಮಲ್ಲೇಶಪ್ಪ ಈಗ ಬೇಗ ಬಿಡುವುದಿಲ್ಲ. ಮೊನ್ನೆ ಈಸೂರಿನ ರೈತರೊಬ್ಬರನ್ನು ಬೆಂಚಿನ ಮೇಲೆ ಕೂರಿಸಿ, ಒತ್ತಡ ವಾಪಸ್ ಬರುವ ಬಗೆಯನ್ನು ಕೈಯಾಡಿಸಿ ವಿವರಿಸುತ್ತಿದ್ದರು.

"ಅಪ್ಪಾಜಿ, ಅವ್ರು ವಾಷರ್ ತಗೊಳ್ಳೋಕೆ ಬಂದಿದ್ದು," ಎಂದಳು ಗಂಗಾಶ್ರೀ ಒಳಗಿನಿಂದ.

"ಕೊಡ್ತೀನಿ ತಡಿಯವ್ವ. ಇನ್ನೂ ಎರಡನೇ ಪಿಸ್ಟನ್ನಿಗೆ ಬಂದಿಲ್ಲ."